ಬರಹಗಾರರಿಗೆ ಸಲಹೆ: ‘ಶಕ್ತಿಶಾಲಿ’ ಅಂತ ಬರೆದು ಮುಂದೆ ಹೋದವರಿಗೆ

ಪ್ರಿಯರೆ,

ನಿಮ್ಮ ಲೇಖನ ಬಂದು ಮೂರು ವಾರವಾಯಿತು. ಓದಿದ ದಿನವೇ ಉತ್ತರ ಬರೆಯಲು ಕೂತಿದ್ದೆ. ಆದರೆ ಅವತ್ತು ನನಗೆ ಸಿಟ್ಟು ಬಂದಿತ್ತು, ಆ ಸಿಟ್ಟಿನಲ್ಲಿ ಬರೆಯುವುದು ಬೇಡ ಅನ್ನಿಸಿತು. ಈಗ ಸಿಟ್ಟು ಇಳಿದಿದೆ. ಹೇಳಬೇಕಾದ ಮಾತು ಮಾತ್ರ ಹಾಗೇ ಇದೆ.

ಈ ಅಂಕಣ ಓದುವ ಬೇರೆಯವರಿಗಾಗಿ ಎರಡು ಮಾತು. ಇವರು ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನಲ್ಲಿ ಓದಿದವರು. ಆ ಊರಿನ ಆರ್.ಇ.ಎಂ. ಎಂಬ ಬ್ಯಾಂಡ್ 1983ರಲ್ಲಿ ‘ಮರ್ಮರ್’ ಅನ್ನುವ ತನ್ನ ಮೊದಲ ಪೂರ್ತಿ ಆಲ್ಬಂ ತಂದಿತು. ಅದರಲ್ಲಿ ಹನ್ನೆರಡು ಹಾಡುಗಳಿವೆ. ಇವರು ಒಂದೊಂದು ಹಾಡಿಗೂ ಜಾರ್ಜಿಯಾ ವಿಶ್ವವಿದ್ಯಾಲಯದ 1980ರ ಫುಟ್‌ಬಾಲ್ ತಂಡದ ಒಬ್ಬೊಬ್ಬ ಆಟಗಾರನನ್ನು ಹೋಲಿಸಿ ಲೇಖನ ಬರೆದು ಕಳಿಸಿದ್ದಾರೆ. ಫುಟ್‌ಬಾಲ್ ಅಂದರೆ ಇಲ್ಲಿ ಅಮೆರಿಕನ್ನರ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಪ್ಯಾಡ್.

ವಿಷಯ ಹೊಸದು. ನಿಮ್ಮ ಭಾಷೆ ಚೊಕ್ಕವಾಗಿದೆ, ಕಾಗುಣಿತದ ತಪ್ಪು ಒಂದೂ ಇಲ್ಲ. ಆಟದ ಬಗ್ಗೆ ನಿಮಗೆ ಚೆನ್ನಾಗಿ ಗೊತ್ತಿದೆ. ಹೊಗಳಿಕೆ ಇಲ್ಲಿಗೆ ಸಾಕು.

ನಿಮ್ಮ ಎರಡನೇ ಪ್ಯಾರಾ ಓದಿದಾಗ ನಾನು ಎದ್ದು ಕೂತೆ. 1980ರ ಏಪ್ರಿಲ್ 5ರಂದು ಅಥೆನ್ಸಿನ ಒಂದು ಹಳೆಯ ಚರ್ಚಿನಲ್ಲಿ, ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಆರ್.ಇ.ಎಂ. ಮೊದಲ ಸಲ ನುಡಿಸಿತು. ಅದೇ ವರ್ಷ ಸೆಪ್ಟೆಂಬರ್ 6ರಂದು ಹರ್ಷಲ್ ವಾಕರ್ ಎಂಬ ಹುಡುಗ ಜಾರ್ಜಿಯಾ ತಂಡದ ಪರವಾಗಿ ಮೊದಲ ಪಂದ್ಯ ಆಡಿದ. ಒಂದೇ ಸಣ್ಣ ಊರು, ನಡುವೆ ಐದೇ ತಿಂಗಳು. ಇದನ್ನು ಜೋಡಿಸಿ ನೋಡಿದ್ದು ನೀವೇ. ಈ ಆಲ್ಬಮ್ಮನ್ನು ನಾನು ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟಿನಲ್ಲಿ ಟೇಪು ಸವೆಯುವವರೆಗೆ ಕೇಳಿದವನು. ನನಗೇ ಇದು ಹೊಳೆದಿರಲಿಲ್ಲ. ಅದಕ್ಕೇ ಮುಂದಿನ ಪುಟಗಳು ಅಷ್ಟು ನೋವು ಕೊಟ್ಟವು.

ಮೊದಲ ಸಾಲಿಗೇ ಬರೋಣ. ನೀವು ಬರೆದಿದ್ದೀರಿ: “ರೇಡಿಯೊ ಫ್ರೀ ಯುರೋಪ್ ಈ ಆಲ್ಬಮ್ಮಿನ ಹರ್ಷಲ್ ವಾಕರ್. ಎರಡೂ ಶಕ್ತಿಶಾಲಿ. ಎದುರಿಗೆ ಬಂದವರನ್ನು ಕೆಡವಿ ಮುಂದೆ ನುಗ್ಗುತ್ತವೆ.”

ಶಕ್ತಿಶಾಲಿ. ಈ ಪದದ ಕೆಳಗೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ವಾಕರ್ ಶಕ್ತಿಶಾಲಿ, ನಿಜ. ಆದರೆ ಅದು ಅವನ ಜೊತೆ ಆಡಿದ ನೂರು ಜನರಿಗೂ ಹೊಂದುವ ಪದ. ಅವನೊಬ್ಬನಿಗೇ ಸೇರಿದ್ದು ಏನು? ನಾಕ್ಸ್‌ವಿಲ್‌ನ ಆ ಮೊದಲ ಪಂದ್ಯ ನೆನಪಿಸಿಕೊಳ್ಳಿ. ಅವನು ಆಗಷ್ಟೇ ಕಾಲೇಜಿಗೆ ಸೇರಿದ್ದ. ಶುರುವಿನಲ್ಲಿ ಅವನನ್ನು ಇಳಿಸಲೇ ಇಲ್ಲ, ಬೆಂಚಿನಲ್ಲಿ ಕೂತಿದ್ದ. ಟೆನೆಸ್ಸೀ ತಂಡ 15-0 ಮುಂದಿತ್ತು. ಆಮೇಲೆ ಅವನು ಚೆಂಡು ಹಿಡಿದು ಓಡಿದ. ಅಡ್ಡ ನಿಂತ ಬಿಲ್ ಬೇಟ್ಸ್ ಎಂಬ ಡಿಫೆಂಡರ್ ಮೇಲೇ ಹಾಯ್ದು ಗೆರೆ ದಾಟಿದ. ಪಂದ್ಯ ಜಾರ್ಜಿಯಾಗೆ 16-15. ಆ ಸೀಸನ್ನಿನ ಕೊನೆಗೆ, 1981ರ ಜನವರಿ 1ರ ಶುಗರ್ ಬೌಲ್ ಪಂದ್ಯದಲ್ಲಿ, ಶುರುವಿನಲ್ಲೇ ಅವನ ಭುಜ ಕೀಲು ತಪ್ಪಿತು. ಅದನ್ನು ಕೂರಿಸಿಕೊಂಡು ಮತ್ತೆ ಬಂದು ಒಟ್ಟು 36 ಸಲ ಚೆಂಡು ಹಿಡಿದು ನುಗ್ಗಿದ, 150 ಗಜ ಓಡಿದ. ಚೆಂಡು ಅವನ ಕೈಗೇ ಬರುತ್ತದೆ ಅಂತ ಕ್ರೀಡಾಂಗಣದಲ್ಲಿದ್ದ ಎಲ್ಲರಿಗೂ ಗೊತ್ತು. ಎದುರು ತಂಡಕ್ಕೂ ಗೊತ್ತು. ಗೊತ್ತಿದ್ದೂ ತಡೆಯಲಾಗಲಿಲ್ಲ. ವಾಕರ್ ಅಂದರೆ ನನಗೆ ಇದು.

ಈಗ ಹಾಡು. ಈ ಹಾಡು ಆಲ್ಬಮ್ಮಿಗೆ ಹೊಸದಾಗಿ ಬಂದದ್ದಲ್ಲ, ನಿಮಗೂ ಗೊತ್ತು. 1981ರಲ್ಲಿ ಒಂದು ಪುಟ್ಟ ಕಂಪನಿ ಇದನ್ನೇ ಸಿಂಗಲ್ ಆಗಿ ಹೊರತಂದಿತ್ತು. ಅಲ್ಲಿ ಅದರ ಓಟ ಜಾಸ್ತಿ. 1983ರಲ್ಲಿ ಮತ್ತೆ ರೆಕಾರ್ಡ್ ಮಾಡಿದಾಗ ನಿಧಾನವಾಯಿತು, ತಿಳಿಯಾಯಿತು. ಮೈಕಲ್ ಸ್ಟೈಪ್ ಹಾಡುವ ಪದಗಳು ಎರಡರಲ್ಲೂ ಸರಿಯಾಗಿ ಕೇಳಿಸುವುದಿಲ್ಲ. ಅವನು ಹಲ್ಲು ಕಚ್ಚಿ ಮಾತಾಡುವ ಹಾಗೆ ಹಾಡುತ್ತಾನೆ. ಏನು ಹೇಳುತ್ತಿದ್ದಾನೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಆದರೂ ಕೇಳುವುದನ್ನು ನಿಲ್ಲಿಸಲಾಗುವುದಿಲ್ಲ.

ನೋಡಿ, ಎರಡನ್ನೂ ಹತ್ತಿರ ಇಟ್ಟ ಕೂಡಲೇ ಏನಾಯಿತು! ಒಬ್ಬ ಏನು ಮಾಡುತ್ತಾನೆ ಅಂತ ಎಲ್ಲರಿಗೂ ಗೊತ್ತು, ಇನ್ನೊಬ್ಬ ಏನು ಹಾಡುತ್ತಾನೆ ಅಂತ ಯಾರಿಗೂ ಗೊತ್ತಿಲ್ಲ. ಇಬ್ಬರನ್ನೂ ತಡೆಯಲಾಗದು. ಈ ಹೋಲಿಕೆ ನಿಮ್ಮ ಕೈಯಳತೆಯಲ್ಲೇ ಇತ್ತು. ನೀವು ‘ಶಕ್ತಿಶಾಲಿ’ ಅಂತ ಬರೆದು ಮುಂದಿನ ಹಾಡಿಗೆ ಹೋಗಿಬಿಟ್ಟಿರಿ.

ಅದೇ ಪ್ಯಾರಾದ ಕೊನೆಗೆ ಇನ್ನೊಂದು ಸಾಲಿದೆ: “ವಾಕರ್ ಅಂದರೆ ಫುಟ್‌ಬಾಲಿನ ಸೆಹ್ವಾಗ್ ಇದ್ದ ಹಾಗೆ.” ಮುಂದಿನ ಪುಟದಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವನಿಗೆ, ಧೋನಿ. ಅದರ ಮುಂದಿನ ಪುಟದಲ್ಲಿ ದ್ರಾವಿಡ್. ಓದುಗರಿಗೆ ಅರ್ಥವಾಗಲಿ ಅಂತ ಹೀಗೆ ಬರೆದಿದ್ದೀರಿ, ನನಗೆ ತಿಳಿಯುತ್ತದೆ. ಆದರೆ ಓದುಗ ನಿಮ್ಮ ಕೈ ಹಿಡಿದು ಅಥೆನ್ಸಿಗೆ ಬಂದಿದ್ದಾನೆ. ಅವನಿಗೆ ಅಲ್ಲಿನ ಕ್ರೀಡಾಂಗಣದ ಸುತ್ತ ಬೆಳೆಸಿದ ಬೇಲಿಗಿಡ ತೋರಿಸಿ. 1980ರವರೆಗೂ ಟಿಕೆಟ್ ಇಲ್ಲದವರು ಪಕ್ಕದ ರೈಲು ಹಳಿ ಮೇಲೆ ಕೂತು ಪುಕ್ಕಟೆ ಪಂದ್ಯ ನೋಡುತ್ತಿದ್ದರಲ್ಲ, ಆ ಹಳಿ ತೋರಿಸಿ. ಅಷ್ಟು ದೂರ ಬಂದವನನ್ನು ನೀವು ಮತ್ತೆ ಚಿನ್ನಸ್ವಾಮಿ ಕ್ರೀಡಾಂಗಣಕ್ಕೇ ತಂದು ಬಿಟ್ಟಿರಿ. ಹಾಡಿಗೆ ಆಟಗಾರ, ಆ ಆಟಗಾರನಿಗೆ ಇನ್ನೊಬ್ಬ ಆಟಗಾರ. ಈ ನಡುವೆ ಹಾಡು ಎಲ್ಲಿ ಹೋಯಿತು?

ವಾಕರ್ ರನ್ನಿಂಗ್ ಬ್ಯಾಕ್. ಹಾಗಂದರೆ ಯಾರು ಅಂತ ಹೇಳಲು ಒಂದು ವಾಕ್ಯ ಸಾಕು. ಚೆಂಡನ್ನು ಎದೆಗೆ ಅವಚಿಕೊಂಡು, ತನ್ನನ್ನು ಕೆಡವಲೆಂದೇ ನಿಂತ ಹನ್ನೊಂದು ಜನರ ನಡುವೆ ದಾರಿ ಹುಡುಕಿಕೊಂಡು ಓಡುವವನು. ಆಯ್ತಲ್ಲ? ಕಬಡ್ಡಿ ನೋಡಿ ಬೆಳೆದ ನಮ್ಮ ಓದುಗರು ಇಷ್ಟು ಸುಳಿವು ಸಿಕ್ಕರೆ ಉಳಿದದ್ದನ್ನು ತಾವೇ ಕಾಣುತ್ತಾರೆ. ಅವರನ್ನು ನಂಬಿ.

ಮುಂದಿನದು: “ಟಾಕ್ ಅಬೌಟ್ ದ ಪ್ಯಾಶನ್ ಕ್ವಾರ್ಟರ್‌ಬ್ಯಾಕ್ ಬಕ್ ಬೆಲೂ ಇದ್ದ ಹಾಗೆ. ನಂಬಿಕಸ್ಥ.”

ನಂಬಿಕಸ್ಥ! ಶುಗರ್ ಬೌಲ್‌ನಲ್ಲಿ ಅವನು ಎಸೆದದ್ದು 12 ಸಲ, ತನ್ನವರ ಕೈಗೆ ಸಿಕ್ಕಿದ್ದು ಒಂದೇ ಒಂದು, ಅದರಿಂದ ಬಂದದ್ದು 7 ಗಜ. ಅವತ್ತು ಜಾರ್ಜಿಯಾ ನೋಟ್ರ ಡೇಮ್ ತಂಡವನ್ನು 17-10ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು, ಆ ಮಾತು ಬೇರೆ. ಆದರೆ ಅದಕ್ಕೂ ಎರಡು ತಿಂಗಳು ಮುಂಚೆ, ನವೆಂಬರ್ 8ರಂದು ಜ್ಯಾಕ್ಸನ್‌ವಿಲ್‌ನಲ್ಲಿ, ಇದೇ ಬೆಲೂ ಒಂದು ಚೆಂಡು ಎಸೆದಿದ್ದ. ಫ್ಲಾರಿಡಾ 21-20 ಮುಂದಿತ್ತು. ಪಂದ್ಯ ಮುಗಿಯಲು ಒಂದೆರಡು ನಿಮಿಷವೂ ಇರಲಿಲ್ಲ. ಜಾರ್ಜಿಯಾ ತನ್ನದೇ ತುದಿಯ 7 ಗಜದ ಗೆರೆಯಲ್ಲಿ ಸಿಕ್ಕಿಕೊಂಡಿತ್ತು. ಬೆಲೂ ಹಿಂದಕ್ಕೆ ಸರಿದು, ಪಕ್ಕಕ್ಕೆ ಓಡಿ, ಲಿಂಡ್ಸೆ ಸ್ಕಾಟ್‌ಗೆ ಎಸೆದ. ಸ್ಕಾಟ್ ಹಿಡಿದ, ತಿರುಗಿದ, ಕೊನೆಯವರೆಗೂ ಓಡಿದ. 93 ಗಜ. 26-21.

ಇಡೀ ವರ್ಷ ಬೇರೆಯವನ ನೆರಳಿನಲ್ಲಿದ್ದು, ಒಂದೇ ಒಂದು ಗಳಿಗೆಯಲ್ಲಿ ಎಲ್ಲವನ್ನೂ ಉಳಿಸಿದವನು ಈ ಬೆಲೂ. ಈ ಆಲ್ಬಮ್ಮಿನಲ್ಲಿ ಅಂಥ ಹಾಡು ಯಾವುದು? ಸುಮ್ಮನೆ ಸಾಗಿ ಸಾಗಿ, ಎಲ್ಲೋ ಒಂದು ಕಡೆ ಮೈ ಜುಮ್ಮೆನ್ನಿಸುವುದು ಯಾವುದು? ನನಗೆ ‘ಶೇಕಿಂಗ್ ಥ್ರೂ’ ನೆನಪಾಯಿತು. ನಿಮಗೆ ಬೇರೆಯದು ಅನ್ನಿಸಬಹುದು. ‘ಟಾಕ್ ಅಬೌಟ್ ದ ಪ್ಯಾಶನ್’ ಅಂತೂ ಅಲ್ಲ. ಅದರಲ್ಲಿ ಇರುವುದೇ ಕೆಲವು ಸಾಲು, ಅವೇ ಮತ್ತೆ ಮತ್ತೆ ಬರುತ್ತವೆ, ಹಿಂದಿನಿಂದ ಚೆಲ್ಲೋ ಕೇಳಿಸುತ್ತದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಹದ. ಅದು ಬೆಲೂ ಆಗಲಾರದು.

ಇಷ್ಟು ಕಟುವಾಗಿ ಯಾಕೆ ಹೇಳುತ್ತೇನೆ ಅಂದರೆ, ನನ್ನ ಮೊದಲ ಬರಹಕ್ಕೆ ಇದಕ್ಕಿಂತ ಕಟುವಾದ ಮಾತು ಬಿದ್ದಿತ್ತು. ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಸೇರಿ ಎರಡು ತಿಂಗಳಾಗಿತ್ತು. ಮೈಸೂರಿನ ದಸರಾ ಕುಸ್ತಿ ನೋಡಿ ಬರೆಯಲು ಕಳಿಸಿದರು. ರಾತ್ರಿಯೆಲ್ಲ ಕೂತು ನಾಲ್ಕು ಪುಟ ಬರೆದೆ. “ಪೈಲ್ವಾನ ಮದಗಜದ ಹಾಗೆ ನುಗ್ಗಿದ. ಎದುರಾಳಿ ಬಂಡೆಯ ಹಾಗೆ ನಿಂತ.” ಪುಟದ ತುಂಬ ಇಂಥವೇ. ನಮ್ಮ ಹಿರಿಯ ಉಪಸಂಪಾದಕರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅವರು ಮೊದಲ ಪುಟ ಓದಿ ಕನ್ನಡಕ ತೆಗೆದರು.

“ಮದಗಜ ನುಗ್ಗೋದನ್ನ ಯಾವತ್ತಾದ್ರೂ ನೋಡಿದ್ದೀಯೇನಪ್ಪಾ?”

“ಇಲ್ಲ ಸಾರ್.”

“ಕುಸ್ತಿ ನೋಡಿದ್ಯಲ್ಲ?”

“ನೋಡಿದೆ ಸಾರ್.”

“ಮತ್ತೆ ನೋಡಿದ್ದನ್ನ ಬಿಟ್ಟು ನೋಡದೆ ಇರೋದನ್ನ ಯಾಕೆ ಬರೆದೆ? ಕೂತ್ಕೋ. ಬಾಯಲ್ಲಿ ಹೇಳು, ಏನೇನು ನೋಡಿದೆ.”

ಹೇಳುತ್ತಾ ಹೋದೆ. ಜನ, ತಮಟೆ, ಧೂಳು. ಒಬ್ಬ ಪೈಲ್ವಾನ ಮತ್ತೆ ಮತ್ತೆ ಬಗ್ಗಿ ಅಖಾಡದ ಮಣ್ಣು ತೆಗೆದು ಎದುರಾಳಿಯ ಬೆನ್ನಿಗೆ, ಕತ್ತಿಗೆ ಸವರುತ್ತಿದ್ದ ಅಂತ ಹೇಳಿದೆ. ಬೆವರಿಗೆ ಹಿಡಿತ ಜಾರುತ್ತಿತ್ತು, ಅದಕ್ಕೆ. ಸೋಲಿಸಬೇಕಾದವನ ಮೈಗೆ ಅಷ್ಟು ಮೃದುವಾಗಿ ಮಣ್ಣು ಹಚ್ಚುತ್ತಿದ್ದ, ಮನೆಯಲ್ಲಿ ಎಣ್ಣೆಸ್ನಾನದ ದಿನ ಅಮ್ಮ ಎಣ್ಣೆ ಹಚ್ಚುವ ಹಾಗೆ ಇತ್ತು ಸಾರ್ ಅಂದೆ.

ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ನಾಲ್ಕೂ ಪುಟ ಮಡಚಿ ಕೈಗೆ ಕೊಟ್ಟರು. “ಇದು ಈ ನಾಲ್ಕು ಪುಟದಲ್ಲಿ ಎಲ್ಲಿದೆ?” ಅಂತ ಕೇಳಿದರು. ಎಲ್ಲೂ ಇರಲಿಲ್ಲ. ಆ ಲೇಖನ ಅಚ್ಚಾಗಲಿಲ್ಲ. ಅವತ್ತು ರಾತ್ರಿ ರೂಮಿಗೆ ಹೋಗಿ ಊಟ ಮಾಡದೆ ಮಲಗಿದೆ. ಹೋಲಿಕೆ ಬೇಡ ಅಂತ ಅವರು ಹೇಳಲೇ ಇಲ್ಲ ಅನ್ನುವುದು ನನಗೆ ತಿಳಿಯಲು ತುಂಬ ದಿನ ಹಿಡಿಯಿತು. ಎಣ್ಣೆ ಹಚ್ಚುವ ಅಮ್ಮ ಕೂಡ ಹೋಲಿಕೆಯೇ. ಆದರೆ ಅದು ಮಣ್ಣು ಹಚ್ಚುವ ಕೈಯನ್ನು ನೋಡಿದ ಮೇಲೆ ಬಂದದ್ದು.

ಈಗ ನನಗೆ ನಿಜವಾಗಿ ಸಿಟ್ಟು ತಂದ ಸಾಲು. ಆರನೇ ಹಾಡು.

“ಪರ್ಫೆಕ್ಟ್ ಸರ್ಕಲ್ ಒಂಟಿಯಾಗಿ ನಿಲ್ಲುವ ಹಾಡು. ಆದ್ದರಿಂದ ಇದು ಕಿಕ್ಕರ್ ರೆಕ್ಸ್ ರಾಬಿನ್ಸನ್.”

ಕಿಕ್ಕರ್ ಅಂದರೆ ಚೆಂಡು ಒದೆಯಲೆಂದೇ ಮೈದಾನಕ್ಕೆ ಇಳಿಯುವವನು. ಆದರೆ ಈ ಹಾಡಿನೊಳಗೆ ಒಂದು ಫುಟ್‌ಬಾಲ್ ಆಟವೇ ಇದೆ. ಹಾಡಿನ ಸಂಗೀತ ಡ್ರಮ್ಮರ್ ಬಿಲ್ ಬೆರಿಯದು. ಇದರ ಹಿಂದಿನ ಕತೆಯನ್ನು ಗಿಟಾರ್ ನುಡಿಸುವ ಪೀಟರ್ ಬಕ್ ಹೇಳಿಕೊಂಡಿದ್ದಾನೆ. ನ್ಯೂಜೆರ್ಸಿಯ ಟ್ರೆಂಟನ್ ಎಂಬ ಊರಿನ ಒಂದು ಕ್ಲಬ್ಬು. ಅವನು ಅದರ ಹಿಂಬಾಗಿಲಲ್ಲಿ ನಿಂತಿದ್ದ. ಕತ್ತಲಾಗುತ್ತಾ ಬಂದಿತ್ತು. ಹೊರಗೆ ಕೆಲವು ಮಕ್ಕಳು ಫುಟ್‌ಬಾಲ್ ಆಡುತ್ತಿದ್ದರು. ಕೆಡವಿ ಬೀಳಿಸುವ ಆಟ ಅಲ್ಲ, ಬರೀ ಮುಟ್ಟಿ ನಿಲ್ಲಿಸುವ ಆಟ. ಬೆಳಕು ಪೂರ್ತಿ ಹೋಗುವ ಮುಂಚಿನ ಕೊನೆಯ ಆಟ. ಅದನ್ನು ನೋಡುತ್ತಾ ಅವನಿಗೆ ಅಳು ಬಂತು, ಇಪ್ಪತ್ತು ನಿಮಿಷ ಅತ್ತ. ಆ ಭಾವನೆಯನ್ನು ಹಾಡಿನಲ್ಲಿ ಹಿಡಿಯಲು ನೋಡು ಅಂತ ಸ್ಟೈಪ್‌ಗೆ ಹೇಳಿದ. ಸ್ಟೈಪ್ ಬರೆದ ಸಾಲುಗಳಲ್ಲಿ ಚೆಂಡೂ ಇಲ್ಲ, ಮಕ್ಕಳೂ ಇಲ್ಲ. ಆದರೆ ಆ ಪಿಯಾನೊ ಕೇಳಿ. ಅಮ್ಮ ಒಳಗೆ ಬಾ ಅಂತ ಕೂಗಿದ ಮೇಲೂ ಇನ್ನೊಂದೇ ಆಟ ಅಂತ ಬೀದಿಯಲ್ಲಿ ಉಳಿದವರಿಗೆಲ್ಲ ಆ ಹೊತ್ತು ಗೊತ್ತು.

ಇಡೀ ಆಲ್ಬಮ್ಮಿನಲ್ಲಿ ಫುಟ್‌ಬಾಲಿಗೆ ನಿಜವಾದ ನಂಟಿರುವ ಹಾಡು ಇದೊಂದೇ. ನೀವು ಅದರ ಪಕ್ಕದಲ್ಲಿ ಒಬ್ಬ ಕಿಕ್ಕರ್‌ನನ್ನು ನಿಲ್ಲಿಸಿ ಏಳನೇ ಹಾಡಿಗೆ ಹೋದಿರಿ. ಯಾಕೆ ಹೀಗಾಯಿತು ಅಂತ ನನಗೆ ಗೊತ್ತು. ಹನ್ನೆರಡು ಹಾಡಿಗೆ ಹನ್ನೆರಡು ಆಟಗಾರರು ಬೇಕು ಅನ್ನುವ ಲೆಕ್ಕ ನಿಮ್ಮನ್ನು ಓಡಿಸಿತು. ಖಾಲಿ ಜಾಗಕ್ಕೆ ಸಿಕ್ಕ ಹೆಸರು ತುಂಬಿಸಿದಿರಿ.

ಇನ್ನೊಂದು ಕಡೆಯೂ ಈ ಲೆಕ್ಕ ನಿಮ್ಮ ಕಣ್ಣು ಕಟ್ಟಿದೆ. ಕೊನೆಗೆ “1983ರಲ್ಲಿ ವಾಕರ್ ಮತ್ತು ಮರ್ಮರ್ ಇಬ್ಬರೂ ಅಥೆನ್ಸನ್ನು ಬೆಳಗಿಸಿದರು” ಅಂತ ಬರೆದಿದ್ದೀರಿ. ಇದು ತಪ್ಪು. ಇನ್ನೂ ಒಂದು ವರ್ಷ ಆಡುವ ಅವಕಾಶ ಇದ್ದಾಗಲೇ, 1983ರ ಫೆಬ್ರುವರಿಯಲ್ಲಿ, ವಾಕರ್ ಕಾಲೇಜು ಬಿಟ್ಟು ವೃತ್ತಿಪರ ತಂಡಕ್ಕೆ ಸಹಿ ಹಾಕಿದ. ಅದು ನ್ಯೂಜೆರ್ಸಿಯ ತಂಡ. ಆಲ್ಬಂ ಬಂದದ್ದು ಏಪ್ರಿಲ್‌ನಲ್ಲಿ. ಆ ಎರಡು ತಿಂಗಳಲ್ಲಿ ಆ ಊರು ಹೇಗಿತ್ತು? ಅಲ್ಲಿ ಓದಿದವರು ನೀವು. ಆಗಿನವರು ಊರಿನಲ್ಲಿ ಇನ್ನೂ ಇದ್ದಾರೆ, ಕೇಳಬಹುದು.

ಉಳಿದ ಹಾಡುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವನ್ನು ಬಿಡಿ. ಮೂರೇ ಮೂರು ಹಾಡು ಇಟ್ಟುಕೊಳ್ಳಿ. ‘ರೇಡಿಯೊ ಫ್ರೀ ಯುರೋಪ್’ ಇರಲಿ, ಆದರೆ ಎರಡೂ ರೆಕಾರ್ಡಿಂಗ್ ಮತ್ತೆ ಕೇಳಿ, ನನ್ನ ಹೋಲಿಕೆ ಎತ್ತಿಕೊಳ್ಳಬೇಡಿ, ನಿಮ್ಮದೇ ಹುಡುಕಿ. ಬೆಲೂಗೆ ಸರಿಯಾದ ಹಾಡು ಯಾವುದು ಅಂತ ನೀವೇ ತೀರ್ಮಾನ ಮಾಡಿ. ‘ಪರ್ಫೆಕ್ಟ್ ಸರ್ಕಲ್’ಗೆ ಯಾವ ಆಟಗಾರನ ಹೆಸರೂ ಬೇಡ. ಟ್ರೆಂಟನ್ನಿನ ಆ ಮಕ್ಕಳ ಹೆಸರು ಯಾರೂ ಬರೆದಿಟ್ಟುಕೊಂಡಿಲ್ಲ, ಅದು ಹಾಗೇ ಇರಲಿ.

ಸಾವಿರದ ಇನ್ನೂರು ಪದ ಮೀರಬೇಡಿ. ಮುಂದಿನ ತಿಂಗಳು ಹದಿನೈದರೊಳಗೆ ಕಳಿಸಿದರೆ ಅದರ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಬಿಟ್ಟಿರುತ್ತೇನೆ.

ಇಂತಿ,
ಸಂಪಾದಕ