ಚೆಸ್ ಪ್ರಶ್ನೋತ್ತರ: ಕಂಪ್ಯೂಟರ್ ತಪ್ಪು ಅಂದದ್ದು ಯಾಕೆ?

ಪ್ರಶ್ನೆ: ನನ್ನದು ಕಪ್ಪು. ಇ4 – ಇ5, ಕುದುರೆ ಎಫ್3 – ಕುದುರೆ ಸಿ6, ಒಂಟೆ ಸಿ4 – ಕುದುರೆ ಎಫ್6, ಕುದುರೆ ಜಿ5 – ಡಿ5. ಎದುರಾಳಿ ಕಾಲಾಳಿನಿಂದ ಡಿ5 ಹೊಡೆದ, ನಾನು ಎಫ್6ರ ಕುದುರೆಯಿಂದ ವಾಪಸ್ ಹೊಡೆದೆ. ಕಾಯಿ ಲೆಕ್ಕ ಸಮ. ಆದರೂ ಕಂಪ್ಯೂಟರ್ ಇದು ತಪ್ಪು, ಸಿ6ರ ಕುದುರೆಯನ್ನು ಎ5ಕ್ಕೆ ಇಡಬೇಕಿತ್ತು ಅನ್ನುತ್ತದೆ. ಕಾಲಾಳು ಬಿಟ್ಟುಕೊಡುವುದು ಹೇಗೆ ಒಳ್ಳೆಯದು?
— ಹಾಸನ

ಉತ್ತರ: ಎಷ್ಟು ಕಳೆದುಕೊಂಡಿರಿ ಅನ್ನುವುದನ್ನಷ್ಟೇ ಕಂಪ್ಯೂಟರ್ ಹಾಕುವ ತಪ್ಪಿನ ಚಿಹ್ನೆ ಹೇಳುತ್ತದೆ. ಯಾಕೆ ಅನ್ನುವುದನ್ನು ನೀವೇ ಕೇಳಿ ತಿಳಿಯಬೇಕು. ಹೆಚ್ಚಿನವರು ‘ಉತ್ತಮ ನಡೆ’ಯ ಬಾಣ ನೋಡಿ ‘ಓಹೋ’ ಅಂದು ಮುಂದೆ ಹೋಗುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಅನಾಲಿಸಿಸ್ ಬೋರ್ಡಿನಲ್ಲಿ ನಿಮ್ಮ ತಪ್ಪು ನಡೆಯನ್ನೇ ಆಡಿ, ಅದಕ್ಕೆ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ) ಏನು ಉತ್ತರ ಕೊಡುತ್ತದೆ ನೋಡಿ.

ಇಲ್ಲಿ ಬಿಳಿಯ ಕುದುರೆ ಎಫ್7ರ ಕಾಲಾಳನ್ನು ಹೊಡೆದು ಬಲಿಯಾಗುತ್ತದೆ. ನಿಮ್ಮ ರಾಜ ಅದನ್ನು ಹೊಡೆಯುತ್ತಾನೆ, ಬಿಳಿ ಮಂತ್ರಿ ಎಫ್3ಕ್ಕೆ ಬಂದು ಚೆಕ್ ಕೊಡುತ್ತದೆ. ಈಗ ಡಿ5ರ ನಿಮ್ಮ ಕುದುರೆಯನ್ನು ನೋಡಿ: ಸಿ4ರ ಒಂಟೆ, ಎಫ್3ರ ಮಂತ್ರಿ ಎರಡೂ ಅದರ ಮೇಲೆ ಕಣ್ಣಿಟ್ಟಿವೆ. ರಾಜ ಇ8ಕ್ಕೆ ಹಿಂದೆ ಸರಿದರೆ ಒಂಟೆ ಆ ಕುದುರೆಯನ್ನು ಹೊಡೆದು, ಎಫ್7ರಲ್ಲಿ ಮಂತ್ರಿಯಿಂದ ಮೇಟ್ ಮಾಡುವ ಬೆದರಿಕೆ ಹಾಕುತ್ತದೆ. ಕುದುರೆ ಉಳಿಸಿಕೊಳ್ಳಲು ರಾಜನೇ ಇ6ಕ್ಕೆ, ಬೋರ್ಡಿನ ನಡುಬಯಲಿಗೆ ಬರಬೇಕು. ಬಿಳಿ ಇನ್ನೊಂದು ಕುದುರೆಯನ್ನು ಸಿ3ಕ್ಕೆ ತಂದರೆ ಡಿ5ರ ಮೇಲೆ ಮೂರನೆಯ ದಾಳಿ. ಎಂಜಿನ್ ಕೆಲವೊಮ್ಮೆ ಮೊದಲು ಡಿ4 ಆಡಿಸುತ್ತದೆ, ಗಾಬರಿ ಬೇಡ. ಎಫ್7ರ ಬೆದರಿಕೆ ಅಲ್ಲೂ ಹಾಗೇ ಉಳಿದಿರುತ್ತದೆ.

ಎ5ರ ಕುದುರೆ ಮಾಡುವುದು ಒಂದೇ ಕೆಲಸ: ಸಿ4ರ ಒಂಟೆಯನ್ನು ಕೆಣಕುವುದು. ಅದು ಬಿ5ಕ್ಕೆ ಹೋಗಿ ಚೆಕ್ ಕೊಟ್ಟರೆ ನೀವು ಸಿ6. ಅಲ್ಲಿ ಕಾಲಾಳುಗಳ ವಿನಿಮಯವಾದ ಮೇಲೆ ಒಂಟೆ ಮತ್ತೆ ಓಡಬೇಕು, ಆಮೇಲೆ ಎಚ್6 ಆಡಿ ಜಿ5ರ ಕುದುರೆಯನ್ನೂ ಓಡಿಸಬಹುದು. ನಿಮಗೆ ಒಂದು ಕಾಲಾಳು ಕಡಿಮೆ. ಆದರೆ ಅವರ ಕಾಯಿಗಳು ಓಡಾಟದಲ್ಲೇ ನಡೆ ಕಳೆಯುವಾಗ ನಿಮ್ಮವು ಹೊರಗೆ ಬಂದಿರುತ್ತವೆ, ರಾಜನೂ ಕ್ಷೇಮ.

ಪ್ರಶ್ನೆ: ಲಿಚೆಸ್ ಚೆಸ್ ತಾಣದಲ್ಲಿ ಎಂಜಿನ್ನಿನ ಅಂಕ +9ರಿಂದ +6ಕ್ಕೆ ಇಳಿದಾಗ ಸಣ್ಣ ಚಿಹ್ನೆ, 0ಯಿಂದ –1.2ಕ್ಕೆ ಇಳಿದಾಗ ‘ಮಿಸ್ಟೇಕ್’. ಮೂರು ಕಳೆದದ್ದಕ್ಕಿಂತ ಒಂದು ಚಿಲ್ಲರೆ ಕಳೆದದ್ದು ದೊಡ್ಡ ತಪ್ಪೇ?
— ಧಾರವಾಡ

ಉತ್ತರ: ಹೌದು, ದೊಡ್ಡದೇ. ಲಿಚೆಸ್ ಅಂಕವನ್ನು (ಯಾರು ಎಷ್ಟು ಮುಂದಿದ್ದಾರೆ ಅನ್ನುವ ಸಂಖ್ಯೆ) ಮೊದಲು ಗೆಲುವಿನ ಶೇಕಡಾವಾರಿಗೆ ಬದಲಿಸಿಕೊಂಡು ಆಮೇಲೆ ತೂಗುತ್ತದೆ. ಆ ಲೆಕ್ಕದಲ್ಲಿ +9 ಅಂದರೆ ಸುಮಾರು ಶೇ. 96, +6 ಅಂದರೆ ಶೇ. 90, ಅಂದರೆ ಗೆಲುವು ಕೈಯಲ್ಲೇ ಇದೆ. 0 ಅಂದರೆ ಶೇ. 50, –1.2 ಅಂದರೆ ಶೇ. 39. ಕುಸಿತ ಸುಮಾರು 5 ಆದರೆ ‘ಇನ್‌ಆಕ್ಯುರೆಸಿ’, 10 ಆದರೆ ‘ಮಿಸ್ಟೇಕ್’, 15 ದಾಟಿದರೆ ‘ಬ್ಲಂಡರ್’. ಮೊದಲನೆಯದರಲ್ಲಿ ನೀವು ಕಳೆದುಕೊಂಡದ್ದು ಆರು ಚಿಲ್ಲರೆ, ಎರಡನೆಯದರಲ್ಲಿ ಹನ್ನೊಂದರ ಹತ್ತಿರ.

ಇನ್ನೊಂದು: ಈ ತಾಣಗಳಲ್ಲಿ ಪ್ಲಸ್ ಯಾವಾಗಲೂ ಬಿಳಿಯದು. ಕಪ್ಪು ಆಡಿದವರು +2 ನೋಡಿ ಖುಷಿಪಡುವುದು ಸಾಮಾನ್ಯ ಎಡವಟ್ಟು.

ಪ್ರಶ್ನೆ: ಒಂದೇ ಸ್ಥಿತಿಗೆ ಮೊಬೈಲ್ +0.8 ತೋರಿಸಿತು, ಲ್ಯಾಪ್‌ಟಾಪ್ +0.4. ಯಾವುದನ್ನು ನಂಬಲಿ?
— ಬೆಳಗಾವಿ

ಉತ್ತರ: ಯಾವುದು ಹೆಚ್ಚು ಆಳಕ್ಕೆ ಹೋಗಿದೆಯೋ ಅದನ್ನು. ಎಂಜಿನ್ ಎಷ್ಟು ನಡೆ ಮುಂದೆ ನೋಡಿದೆ ಅಂತ ತೋರಿಸುವ ‘ಡೆಪ್ತ್’ ಸಂಖ್ಯೆ ಅಂಕದ ಪಕ್ಕ ಓಡುತ್ತಿರುತ್ತದೆ. ಅದು ನಿಧಾನವಾಗುವವರೆಗೆ ಕಾಯಿರಿ. ಎಂಜಿನ್ನಿನ ಆವೃತ್ತಿಯೂ ಒಂದೇ ಇರಬೇಕು: 2022ರ ಡಿಸೆಂಬರಿನಲ್ಲಿ ಬಂದ ಸ್ಟಾಕ್‌ಫಿಶ್ ಎಂಜಿನ್ನಿನ 15.1 ಆವೃತ್ತಿಯಿಂದ +1.00ರ ಅರ್ಥವೇ ಬದಲಾಗಿದೆ. ಎಂಜಿನ್ನುಗಳೇ ತಮ್ಮೊಳಗೆ ಆಡಿದರೆ ಬಿಳಿ ಗೆಲ್ಲುವ ಸಾಧ್ಯತೆ ಶೇ. 50 ಎಂಬುದು ಈಗ ಅದರ ಅರ್ಥ. ನಮ್ಮ ನಿಮ್ಮ ಮಟ್ಟದಲ್ಲಿ 0.4ರ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ.

ಪ್ರಶ್ನೆ: ಶೇ. 93 ನಿಖರತೆ ಬಂದ ಆಟ ಸೋತೆ, 78 ಬಂದದ್ದನ್ನು ಗೆದ್ದೆ.
— ಉಡುಪಿ

ಉತ್ತರ: ಆಶ್ಚರ್ಯವಿಲ್ಲ. ಬಾಯಿಪಾಠದ ಓಪನಿಂಗ್, ಹೊಡೆದದ್ದಕ್ಕೆ ವಾಪಸ್ ಹೊಡೆತ ಇವೆಲ್ಲ ಪುಕ್ಕಟೆ ಅಂಕ. ಗೊಂದಲದ ಆಟದಲ್ಲಿ ಇಬ್ಬರ ಅಂಕವೂ ಇಳಿಯುತ್ತದೆ. ಒಂದು ಆಟದ ಶೇಕಡಾವನ್ನು ಇನ್ನೊಂದರ ಜೊತೆ ಹೋಲಿಸಬೇಡಿ.

ಪ್ರಶ್ನೆ: ಮಗಳಿಗೆ ಹತ್ತು ವರ್ಷ, ಟೂರ್ನಮೆಂಟ್ ಆಡುತ್ತಾಳೆ. ಮನೆಗೆ ಬಂದ ಕೂಡಲೇ ಕಂಪ್ಯೂಟರಿಗೆ ಹಾಕಿ ಕೆಂಪು ಗುರುತು ಎಣಿಸುತ್ತಾಳೆ. ಸರಿಯಾದ ಕ್ರಮ ಯಾವುದು?
— ಮೈಸೂರು

ಉತ್ತರ: ಎಂಜಿನ್ ಕೊನೆಗೆ ಬರಲಿ. ಮೊದಲು ಸ್ಕೋರ್ ಶೀಟ್ ಇಟ್ಟುಕೊಂಡು ಮರದ ಬೋರ್ಡಿನಲ್ಲಿ ಆಟವನ್ನು ಮತ್ತೆ ಆಡಲಿ. ಹೆಚ್ಚು ಹೊತ್ತು ಯೋಚಿಸಿದ ಕಡೆ, ಭಯವಾದ ಕಡೆ ಪೆನ್ಸಿಲ್ ಗೀಟು ಎಳೆಯಲಿ. ಆಗ ಮನಸ್ಸಿನಲ್ಲಿ ಏನಿತ್ತು ಅಂತ ಒಂದು ಸಾಲು ಬರೆಯಲಿ. ಇದಕ್ಕೆ ಇಪ್ಪತ್ತು ನಿಮಿಷ ಸಾಕು.

ಆಮೇಲೆ ಎಂಜಿನ್ ಹಾಕಿ. ಅಂಕದ ಗ್ರಾಫ್ ದೊಡ್ಡದಾಗಿ ಕುಸಿದ ಮೂರು ಜಾಗ ಮಾತ್ರ ಸಾಕು, ಎಲ್ಲ ಗುರುತೂ ಬೇಡ. ಎಂಜಿನ್ ಸೂಚಿಸುವ ಸಾಲುಗಳ (ಬೇರೆ ಬೇರೆ ನಡೆಗಳ) ಸಂಖ್ಯೆಯನ್ನು ಮೂರಕ್ಕೆ ಇಡಿ. ಮೂರೂ ಸಾಲಿನ ಅಂಕ 0.3, 0.2, 0.2 ಅಂತಿದ್ದರೆ ಅವುಗಳಲ್ಲಿ ಯಾವುದನ್ನು ಆಡಿದರೂ ನಡೆಯುತ್ತಿತ್ತು. ಮೊದಲನೆಯದು +2.1, ಎರಡನೆಯದು –0.5 ಆದರೆ ಅದು ಒಂದೇ ದಾರಿಯಿದ್ದ ಜಾಗ, ಅಲ್ಲಿ ನಿಲ್ಲಬೇಕು. ಲಿಚೆಸ್‌ನಲ್ಲಿ ಎಕ್ಸ್ ಕೀಲಿ ಒತ್ತಿದರೆ ಎದುರಾಳಿಯ ಬೆದರಿಕೆ ಕಾಣುತ್ತದೆ. ಮಕ್ಕಳ ಬಹುಪಾಲು ಬ್ಲಂಡರ್ ಆ ಬೆದರಿಕೆ ನೋಡದ್ದರಿಂದಲೇ ಆಗುತ್ತದೆ.

ಪ್ರತಿ ತಪ್ಪಿನ ಮುಂದೆ ಒಂದು ಕಾರಣ ಬರೆಸಿ: ಬೆದರಿಕೆ ಕಾಣಲಿಲ್ಲ, ಲೆಕ್ಕ ತಪ್ಪಿತು, ಸಮಯ ಇರಲಿಲ್ಲ, ಓಪನಿಂಗ್ ಗೊತ್ತಿರಲಿಲ್ಲ. ಹತ್ತು ಆಟ ಆದ ಮೇಲೆ ಯಾವ ಕಾರಣ ಹೆಚ್ಚು ಬಂದಿದೆಯೋ ಅದರ ಮೇಲೆ ಅಭ್ಯಾಸ. ಎಂಜಿನ್ ಹೇಳಿದ್ದು ಮೂರು ನಡೆ ಆಡಿ ನೋಡಿದ ಮೇಲೂ ಅರ್ಥವಾಗದಿದ್ದರೆ ಬಿಟ್ಟುಬಿಡಿ, ಅದು ಅವಳ ಈಗಿನ ಮಟ್ಟದ ಪಾಠವಲ್ಲ.

ಪ್ರಶ್ನೆ: ನನ್ನ ಬಳಿ ಒಂಟೆಯೂ ಎಚ್ ಸಾಲಿನ ಕಾಲಾಳೂ ಇದ್ದವು, ಎದುರಾಳಿಗೆ ಬರೀ ರಾಜ. ಕಂಪ್ಯೂಟರ್ 0.00 ಅಂದಿತು. ಕೆಟ್ಟಿದೆಯೇ?
— ಶಿರಸಿ

ಉತ್ತರ: ಕೆಟ್ಟಿಲ್ಲ. 0.00 ಅಂದರೆ ಸಮ. ನೀವು ಬಿಳಿ ಆಡಿದ್ದರೆ ನಿಮ್ಮದು ಬಿಳಿ ಮನೆಯ ಒಂಟೆಯಾಗಿರಬೇಕು. ಎಚ್8 ಕಪ್ಪು ಮನೆ, ಆ ಒಂಟೆ ಅದನ್ನು ಎಂದೂ ಮುಟ್ಟಲಾರದು. ಎದುರಾಳಿಯ ರಾಜ ಅಲ್ಲಿ ಸೇರಿಕೊಂಡರೆ ಎಚ್8, ಜಿ8 ಅಂತ ಓಡಾಡಿಕೊಂಡೇ ಇರುತ್ತಾನೆ. ಜಿ8ನ್ನೂ ಮುಚ್ಚಿದರೆ ಸ್ಟೇಲ್‌ಮೇಟ್: ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ, ಆಟ ಡ್ರಾ. ಏಳು ಕಾಯಿಗಳವರೆಗಿನ ಅಂತ್ಯಾಟಗಳನ್ನು ಟೇಬಲ್‌ಬೇಸ್‌ಗಳು ಕೊನೆಯವರೆಗೆ ಲೆಕ್ಕ ಹಾಕಿಟ್ಟಿವೆ, ಅಲ್ಲಿ ಅಂದಾಜಿನ ಮಾತಿಲ್ಲ. ಇಂಥ ಅಂತ್ಯಾಟಕ್ಕೆ ಇಳಿಯುವ ಮೊದಲು, ಕೊನೆಯ ಕಾಯಿ ವಿನಿಮಯ ಮಾಡುವಾಗಲೇ ನಿಮ್ಮ ಒಂಟೆಯ ಬಣ್ಣ ನೋಡಿಕೊಳ್ಳಿ.