ಅಪ್ಪನ ಮಳೆ ಪುಸ್ತಕದ ಕೊನೇ ಪುಟ

ನಿನ್ನ ಮೆಸೇಜ್ ಹೋದ ವಾರವೇ ಬಂದಿತ್ತು. ಉತ್ತರ ತಡವಾಗಿದ್ದಕ್ಕೆ ಸೋಮವಾರಪೇಟೆಯ ಕರೆಂಟನ್ನು ಬೈದುಕೋ. ರಜೆಗೆ ಅಂತ ಊರಿಗೆ ಬಂದು ಎರಡು ವಾರ ಆಯ್ತು, ಮಳೆ ಬಿಟ್ಟಿಲ್ಲ. ತೋಟದ ಮೇಲಿನ ಲೈನಿಗೆ ಮರ ಬಿದ್ದು ಮೂರು ದಿನ ಕತ್ತಲು. ನಮ್ಮ ಕೊಡಗಿನ ಕಕ್ಕಡ ತಿಂಗಳ 18ನೇ ದಿನದ ಮದ್ದು ಸೊಪ್ಪಿನ ಪಾಯಸ ತಿಂದಿದ್ದೊಂದೇ ಲಾಭ. ಈಗ ಕರೆಂಟ್ ಬಂದಿದೆ, ಮತ್ತೆ ಹೋಗುವುದರೊಳಗೆ ಬರೆದು ಮುಗಿಸುತ್ತೇನೆ.

ಓದಲು ಲಂಡನ್‌ಗೆ ಹೊರಟಿರುವ ನೀನು ಕೇಳಿದ್ದು ನಾಲ್ಕು. ಚಳಿ ತಡ್ಕೊಳ್ಳೋಕಾಗುತ್ತಾ, ರೂಮ್ ಹೇಗೆ ಹುಡುಕಲಿ, ಪಾರ್ಟ್ ಟೈಮ್ ಕೆಲಸ ಸಿಗುತ್ತಾ. ಆಮೇಲೆ ಕೊನೆಯಲ್ಲಿ, ಕೇಳಲೋ ಬೇಡವೋ ಅನ್ನುವ ಹಾಗೆ: ‘ಅಕ್ಕ, ಲಂಡನ್‌ನಲ್ಲಿ ಕೈಯಲ್ಲಿರೋ ಫೋನನ್ನೇ ಕಿತ್ಕೊಂಡು ಹೋಗ್ತಾರಂತೆ ನಿಜವಾ? ಲಾಕ್ ತೆಗೆದಿರುವಾಗಲೇ ಹೋದ್ರೆ ಒಳಗಿರೋದೆಲ್ಲ ಹೋದ ಹಾಗೇನಾ?’

ಮೊದಲ ಮೂರಕ್ಕೆ ಬೇಗ ಹೇಳಿಬಿಡುತ್ತೇನೆ. ಶಾಂತಳ್ಳಿಯ ಆಷಾಢ ಕಂಡವಳಿಗೆ ಲಂಡನ್ ಮಳೆ ಬರೀ ತುಂತುರು. ಕಷ್ಟ ಆಗುವುದು ಕತ್ತಲೆಯಿಂದ, ಚಳಿಯಿಂದಲ್ಲ. ರೂಮ್ ಕಣ್ಣಾರೆ ನೋಡದೆ ಯಾರಿಗೂ ಅಡ್ವಾನ್ಸ್ ಕಳಿಸಬೇಡ, ಮೊದಲ ವರ್ಷ ಯೂನಿವರ್ಸಿಟಿ ಹಾಸ್ಟೆಲ್ ಸಿಕ್ಕಿದರೆ ಅದೇ ಸಾಕು. ಕೆಲಸ ಸಿಗುತ್ತದೆ. ಆದರೆ ಕ್ಲಾಸ್ ನಡೆಯುವಾಗ ವಾರಕ್ಕೆ 20 ಗಂಟೆ ಅಂದರೆ 20 ಗಂಟೆಯೇ, ಇಪ್ಪತ್ತೊಂದಲ್ಲ. ವೀಸಾ ವಿಷಯ ಅದು, ಆಟವಲ್ಲ.

ನಾಲ್ಕನೆಯದಕ್ಕೆ ಬರುತ್ತೇನೆ. ನಿಜ. ನನಗೇ ಆಗಿದೆ.

ನಾನು ಹೋದದ್ದು 2011ರಲ್ಲಿ. ಹನ್ನೆರಡು ವರ್ಷ ಒಂದು ಕೊಡೆಯೂ ಕಳೆದಿರಲಿಲ್ಲ. 2023ರ ನವೆಂಬರ್, ಸಂಜೆ ಐದು ಗಂಟೆ, ಆಗಲೇ ಕತ್ತಲು. ಲ್ಯಾಬ್ ಡ್ಯೂಟಿ ಮುಗಿಸಿ ಬಸ್ ಸ್ಟಾಪಿನಲ್ಲಿ, ಫುಟ್‌ಪಾತಿನ ಅಂಚಿಗೆ ನಿಂತಿದ್ದೆ. ಅಪ್ಪ ಕಳಿಸಿದ್ದ ಮೆಸೇಜಿಗೆ ಉತ್ತರ ಬರೆಯುತ್ತಿದ್ದೆ. ಕಾಫಿ ಹಣ್ಣಾಗಿರುವಾಗ ಅಕಾಲದ ಮಳೆ, ಕಣದಲ್ಲಿ ಹಾಕಿದ್ದೆಲ್ಲ ನೆನೆಯಿತು ಅನ್ನುವ ಸಂಕಟ. ಹಿಂದಿನಿಂದ ಎಲೆಕ್ಟ್ರಿಕ್ ಸೈಕಲ್ಲು, ಸದ್ದೇ ಇಲ್ಲ. ಕೈ ಖಾಲಿಯಾದ ಮೇಲೂ ನನ್ನ ಹೆಬ್ಬೆರಳು ಟೈಪ್ ಮಾಡುವ ಭಂಗಿಯಲ್ಲೇ ಇತ್ತು. ಅಷ್ಟು ಬೇಗ.

ಈ ಕಳ್ಳರಿಗೆ ಬೇಕಿರುವುದು ಬೆಳಗುತ್ತಿರುವ ಫೋನು. ಬ್ಯಾಗಿನಲ್ಲಿ ಮುಚ್ಚಿಟ್ಟ ಫೋನನ್ನು ಬಿಡಿಭಾಗ ಮಾಡಿ ಮಾರಬಹುದು ಅಷ್ಟೆ. ತೆರೆದ ಫೋನಿನೊಳಗೆ ನೀನಿರುತ್ತೀ. ಅದಕ್ಕೇ ನಾವು ಮ್ಯಾಪ್ ನೋಡುವಾಗ, ಮೆಸೇಜ್ ಬರೆಯುವಾಗ ಬಂದು ಕಿತ್ತುಕೊಳ್ಳುತ್ತಾರೆ. ಪರದೆ ಆರದ ಹಾಗೆ ಬೆರಳಾಡಿಸುತ್ತಲೇ ಇರುತ್ತಾರೆ.

ಎದುರಿನ ಅಂಗಡಿಗೆ ಓಡಿದೆ. ಜಾಫ್ನಾ ಕಡೆಯ ತಮಿಳು ಅಣ್ಣ, ಕೇಳುವ ಮೊದಲೇ ತನ್ನ ಫೋನ್ ಕೊಟ್ಟ. ಇಲ್ಲಿಂದ ಶುರುವಾಯಿತು ನೋಡು ನಿಜವಾದ ಕಥೆ. ಇಮೇಲ್‌ಗೆ ಲಾಗಿನ್ ಆಗಲು ಹೋದರೆ, ‘ನಿಮ್ಮ ಫೋನಿಗೆ ಸೂಚನೆ ಕಳಿಸಿದ್ದೇವೆ, ಹೌದು ಅಂತ ಒತ್ತಿ’ ಅನ್ನುತ್ತದೆ. ಯಾವ ಫೋನು? ಕಳ್ಳನ ಜೇಬಿನಲ್ಲಿರುವುದು! ಕೋಡ್ ಕಳಿಸು ಅಂದರೆ ಅದೂ ಆ ನಂಬರಿಗೇ. ಗಂಡನಿಗೆ ಹೇಳೋಣ ಅಂದರೆ ಆತನ ನಂಬರ್ ಬಾಯಿಗೆ ಬರುವುದಿಲ್ಲ. ಹತ್ತು ವರ್ಷ ಸಂಸಾರ ಮಾಡಿದ್ದೇನೆ, ನಂಬರ್ ಗೊತ್ತಿಲ್ಲ. ನನಗೆ ಬಾಯಿಪಾಠ ಇದ್ದದ್ದು ಜಗತ್ತಿನಲ್ಲಿ ಒಂದೇ: 08276ರಿಂದ ಶುರುವಾಗುವ ನಮ್ಮನೆ ಲ್ಯಾಂಡ್‌ಲೈನು. ಊರಲ್ಲಿ ರಾತ್ರಿ ಹತ್ತೂವರೆ. ಅಪ್ಪ ಎದ್ದು, ಕನ್ನಡಕ ಹುಡುಕಿ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ ಅಳಿಯನ ನಂಬರನ್ನು ಒಂದೊಂದೇ ಅಂಕಿ ಓದಿ ಹೇಳಿದರು. ಅಷ್ಟರಲ್ಲಿ ಮುಕ್ಕಾಲು ಗಂಟೆ.

ಆ ಮುಕ್ಕಾಲು ಗಂಟೆಯಲ್ಲಿ ಕಳ್ಳ ಒಂದು ಬೀಗವನ್ನೂ ಒಡೆಯಲಿಲ್ಲ. ಬೀಗದ ಕೈಗಳನ್ನೆಲ್ಲ ನಾನೇ ಗೊಂಚಲು ಕಟ್ಟಿ ಇಟ್ಟಿದ್ದೆ. ಗ್ಯಾಲರಿಯಲ್ಲಿ ಡೆಬಿಟ್ ಕಾರ್ಡಿನ ಎರಡೂ ಬದಿಯ ಫೋಟೋ, ಪಾಸ್‌ಪೋರ್ಟ್ ಫೋಟೋ. ನೋಟ್ಸ್‌ನಲ್ಲಿ ‘ಇತರೆ’ ಅನ್ನುವ ಹೆಸರಲ್ಲಿ ಎರಡು ಪಿನ್. ಬ್ಯಾಂಕ್ ಆಪಿನಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತಿದರೆ ಲಿಂಕ್ ಬರುವ ಇಮೇಲ್, ಕೋಡ್ ಬರುವ ಎಸ್ಸೆಮ್ಮೆಸ್, ಎರಡೂ ಅವನ ಕೈಯಲ್ಲೇ. 860 ಪೌಂಡ್ ಹೋಯಿತು. ಆ ಬ್ಯಾಂಕಿನವರು ‘ಪಿನ್ ಬರೆದಿಟ್ಟದ್ದು ನಿಮ್ಮ ತಪ್ಪು’ ಅಂತ ಎರಡು ತಿಂಗಳು ಎಳೆದಾಡಿದರು. ಅಲ್ಲಿನ ಕಾನೂನಿನಲ್ಲಿ ನಿನ್ನ ಒಪ್ಪಿಗೆಯಿಲ್ಲದೆ ಹೋದ ಹಣವನ್ನು ಬ್ಯಾಂಕ್ ವಾಪಸ್ ಕೊಡಬೇಕು. ನಿನ್ನ ಕೈಯಿಂದ ಹೋಗುವುದು ಹೆಚ್ಚೆಂದರೆ 35 ಪೌಂಡ್. ಆದರೆ ನಿನ್ನದು ‘ಘೋರ ನಿರ್ಲಕ್ಷ್ಯ’ ಅಂತ ಅವರು ಸಾಬೀತು ಮಾಡಿದರೆ ಇಲ್ಲ. ಬ್ಯಾಂಕಿನ ಮೇಲಿನ ದೂರು ಕೇಳಲು ಫೈನಾನ್ಷಿಯಲ್ ಓಂಬುಡ್ಸ್‌ಮನ್ ಅಂತ ಒಂದಿದೆ, ದೂರು ಕೊಡಲು ದುಡ್ಡು ಕಟ್ಟಬೇಕಾಗಿಲ್ಲ. ಅಲ್ಲಿಗೆ ಹೋಗುತ್ತೇನೆ ಅಂದ ಮೇಲೆ ನನ್ನ ದುಡ್ಡು ಬಂತು.

ವಾಟ್ಸಾಪ್ ಕಥೆ ಬೇರೆ. ಅಷ್ಟರೊಳಗೆ ನನ್ನ ಹೆಸರಲ್ಲಿ ಹತ್ತು ಜನಕ್ಕೆ ‘ಹಾಯ್ ಡಿಯರ್, ಅರ್ಜೆಂಟಾಗಿ ಹಣ ಬೇಕು’ ಅಂತ ಇಂಗ್ಲಿಷಿನಲ್ಲಿ ಹೋಗಿದೆ. ಕುಶಾಲನಗರದ ನನ್ನ ಚಿಕ್ಕಮ್ಮನ ಮಗ ನಲವತ್ತು ಸಾವಿರ ಕಳಿಸಲು ಹೊರಟಿದ್ದನಂತೆ. ‘ಕತ್ತೆ’ ಅಂತ ಕರೆಯುವವಳು ‘ಡಿಯರ್’ ಅಂದದ್ದು ನೋಡಿ ಅನುಮಾನ ಬಂದು ಕೈ ತಡೆದ. ಅಪ್ಪನಿಗೂ ಹೋಗಿತ್ತು. ಅಪ್ಪ 1978ರಿಂದ ದಿನಾ ಬೆಳಗ್ಗೆ ಎಂಟಕ್ಕೆ ಮಳೆ ಅಳೆದು ಇಂಚು, ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು) ಪುಸ್ತಕದಲ್ಲಿ ಬರೆಯುವವರು. ನಾನು ಏನು ಕೇಳಿದರೂ ಮೊದಲು ಮಳೆ ಹೇಳುತ್ತಾರೆ. ಕಳ್ಳನಿಗೂ ಹೇಳಿದರು: ‘ಇವತ್ತು 55 ಸೆಂಟ್. ನಾಳೆ ಮೋಡ ಇದೆ.’ ಅವನು ಏನಂದುಕೊಂಡನೋ, ಅಪ್ಪನನ್ನು ಮತ್ತೆ ಕೆಣಕಲಿಲ್ಲ.

ಈಗ ನಿನ್ನ ವಿಷಯ. ಹೊರಡಲು ಇನ್ನೂ ಒಂದು ತಿಂಗಳಿದೆಯಲ್ಲ, ಅದನ್ನು ಜಾಕೆಟ್ ಕೊಳ್ಳುವುದರಲ್ಲೇ ಕಳೆಯಬೇಡ.

ನಿಮ್ಮನೆಯಲ್ಲೂ ಹಗಲು ಹೊತ್ತು ಮುಂಬಾಗಿಲು ತೆರೆದೇ ಇರುತ್ತದೆ. ಹಾಗಂತ ಕರಿಮೆಣಸಿನ ಚೀಲವನ್ನು ಯಾರಾದರೂ ಜಗಲಿಯಲ್ಲಿ ಇಡುತ್ತಾರಾ? ಒಳಕೋಣೆ, ಅದಕ್ಕೆ ಬೇರೆ ಬೀಗ. ಫೋನೂ ಹಾಗೇ ಇರಬೇಕು. ಮುಂಬಾಗಿಲು ತೆರೆದಿರುವಾಗಲೇ ಕಳ್ಳ ಬರುತ್ತಾನೆ ಅಂತ ತಿಳಿದು ಒಳಗಿನದನ್ನು ಜೋಡಿಸು. ಇವತ್ತೇ ಗ್ಯಾಲರಿಯಲ್ಲಿ ಕಾರ್ಡು, ಆಧಾರ್, ಪಾಸ್‌ಪೋರ್ಟ್ ಫೋಟೋ ಹುಡುಕಿ ಅಳಿಸು, ‘ಡಿಲೀಟೆಡ್’ ಫೋಲ್ಡರಿನಿಂದಲೂ. ನೋಟ್ಸ್‌ನಲ್ಲಿ, ವಾಟ್ಸಾಪಿನಲ್ಲಿ ನಿನಗೆ ನೀನೇ ಕಳಿಸಿಕೊಂಡ ಪಾಸ್‌ವರ್ಡ್ ಇದ್ದರೆ ಅವೂ. ಬ್ಯಾಂಕ್ ಆಪಿನ ಪಿನ್ ಮತ್ತು ಫೋನ್ ತೆರೆಯುವ ಪಿನ್ ಒಂದೇ ಇಟ್ಟಿದ್ದೀಯಾ? ಇಟ್ಟಿರುತ್ತೀ. ಬದಲಾಯಿಸು. ಎಲ್ಲರೂ ಬ್ಯಾಂಕ್ ಆಪಿಗೆ ಬೀಗ ಹಾಕಿ ಇಮೇಲ್ ತೆರೆದಿಡುತ್ತಾರೆ. ಇಮೇಲೇ ಗೊಂಚಲಿನ ದೊಡ್ಡ ಬೀಗದ ಕೈ, ಬೇರೆಲ್ಲ ಪಾಸ್‌ವರ್ಡ್ ಅಲ್ಲಿಂದಲೇ ಹೊಸದಾಗಿ ಮಾಡಿಸಿಕೊಳ್ಳಬಹುದು. ಐಫೋನಿನಲ್ಲಿ ಐಓಎಸ್ 18ರಿಂದ ಆಪ್ ಮೇಲೆ ಒತ್ತಿ ಹಿಡಿದರೆ ಅದಕ್ಕೇ ಪ್ರತ್ಯೇಕವಾಗಿ ಫೇಸ್ ಐಡಿ ಬೀಗ ಹಾಕುವ ಆಯ್ಕೆ ಬರುತ್ತದೆ. ಆಂಡ್ರಾಯ್ಡ್ 15ರಲ್ಲಿ ‘ಪ್ರೈವೇಟ್ ಸ್ಪೇಸ್’ ಅಂತ ಒಳಕೋಣೆಯೇ ಬಂದಿದೆ.

ಐಫೋನ್ ಆದರೆ ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ಆನ್ ಮಾಡು. 2024ರ ಜನವರಿಯಲ್ಲಿ ಐಓಎಸ್ 17.3ರ ಜೊತೆ ಬಂತು, ನನ್ನ ಫೋನ್ ಹೋದ ಎರಡು ತಿಂಗಳಿಗೆ, ನನ್ನ ಅದೃಷ್ಟ! ಅದು ಆನ್ ಇದ್ದರೆ ಕಳ್ಳನಿಗೆ ನಿನ್ನ ಪಾಸ್‌ಕೋಡ್ ಗೊತ್ತಿದ್ದರೂ ಉಳಿಸಿಟ್ಟ ಪಾಸ್‌ವರ್ಡ್ ನೋಡಲು ನಿನ್ನ ಮುಖವೇ ಬೇಕು. ಆಪಲ್ ಅಕೌಂಟಿನ ಪಾಸ್‌ವರ್ಡ್ ಬದಲಿಸಲು ಒಂದು ಗಂಟೆ ಕಾದು ಮತ್ತೆ ಮುಖ ತೋರಿಸಬೇಕು. ಮನೆ, ಕೆಲಸದ ಜಾಗದಂಥ ಪರಿಚಿತ ಜಾಗಗಳಲ್ಲಿ ಅದು ಸಡಿಲವಾಗುತ್ತದೆ, ಅದಕ್ಕೆ ‘ಆಲ್ವೇಸ್’ ಅಂತ ಇಟ್ಟುಕೋ. ಆಂಡ್ರಾಯ್ಡ್ ಆದರೆ ‘ಥೆಫ್ಟ್ ಡಿಟೆಕ್ಷನ್ ಲಾಕ್’: ಕಿತ್ತುಕೊಂಡು ಓಡುವ ಎಳೆತವನ್ನು ಸೆನ್ಸರ್‌ಗಳು ಗುರುತಿಸಿ ತಾನಾಗಿ ಪರದೆ ಮುಚ್ಚುತ್ತದೆ. ಪ್ರತಿ ಸಲವೂ ಹಿಡಿಯುತ್ತದೆ ಅಂತ ನಂಬಿ ಕೂರಬೇಡ. ಜೊತೆಗೆ ‘ರಿಮೋಟ್ ಲಾಕ್’ ಇದೆ. ಯಾರದೋ ಫೋನಿನಿಂದ ನಿನ್ನ ನಂಬರ್ ಒಂದನ್ನೇ ಹಾಕಿ ಮುಚ್ಚಬಹುದು, ಗೂಗಲ್ ಪಾಸ್‌ವರ್ಡ್ ಬೇಡ. ಆದರೆ ಮೊದಲೇ ಆನ್ ಮಾಡಿರಬೇಕು. ಹೋದ ಮೇಲೆ ಹುಡುಕಿದರೆ ಪ್ರಯೋಜನವಿಲ್ಲ.

ಇಷ್ಟೆಲ್ಲ ಮಾಡಿದರೂ ನಾನು ಆ ಅಂಗಡಿಯಲ್ಲಿ ಸಿಕ್ಕಿಬಿದ್ದ ಹಾಗೆ ನೀನು ಸಿಕ್ಕಿಬೀಳಬಾರದು ಅಂದರೆ, ಫೋನ್ ಇಲ್ಲದೆಯೇ ನಿನ್ನ ಅಕೌಂಟಿಗೆ ಹೋಗುವ ಒಂದು ದಾರಿ ಬೇಕು. ಗೂಗಲ್‌ನಲ್ಲಿ ‘ಬ್ಯಾಕಪ್ ಕೋಡ್’ ಅಂತ ತೆಗೆಯಬಹುದು: ಎಂಟೆಂಟು ಅಂಕಿಯ 10 ಕೋಡ್, ಒಂದೊಂದು ಒಂದೇ ಸಲ ನಡೆಯುತ್ತದೆ. ನಾನು ಅವನ್ನು ಅಪ್ಪನ ಮಳೆ ಪುಸ್ತಕದ ಕೊನೇ ಪುಟದಲ್ಲಿ ಬರೆದಿಟ್ಟಿದ್ದೇನೆ. ಇಂಚು, ಸೆಂಟುಗಳ ಸಾಲುಗಳ ಪಕ್ಕ ಅವೂ ಮಳೆ ಲೆಕ್ಕದ ಹಾಗೇ ಕಾಣುತ್ತವೆ. ಪಾಸ್‌ವರ್ಡ್ ನನ್ನ ತಲೆಯಲ್ಲಿ, ಕೋಡ್ ಅಪ್ಪನ ಕೈಯಲ್ಲಿ. ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ. ಐಫೋನಿಗೆ ಇಷ್ಟು ಬೇಕಾಗಿಲ್ಲ. ಐಕ್ಲೌಡ್ ಸೈಟಿನ ‘ಫೈಂಡ್’ ಪುಟಕ್ಕೆ ಪಾಸ್‌ವರ್ಡ್ ಸಾಕು, ಕೋಡ್ ಕೇಳುವುದಿಲ್ಲ. ಇದು ನನಗೆ ಆವತ್ತು ಗೊತ್ತಿದ್ದಿದ್ದರೆ ಐದು ನಿಮಿಷದ ಕೆಲಸ.

ಊರಿನ ಸಿಮ್ ಬಗ್ಗೆ ನೀನು ಕೇಳಲೇ ಇಲ್ಲ, ಆದರೆ ಹೊಸಬರು ಎಡವುವುದು ಅಲ್ಲೇ. ಇಲ್ಲಿನ ಬ್ಯಾಂಕಿನ ಓಟಿಪಿ ಬರಬೇಕಲ್ಲ ಅಂತ ಎರಡೂ ಸಿಮ್ ಒಂದೇ ಫೋನಿಗೆ ಹಾಕಿಕೊಂಡು ಬರುತ್ತಾರೆ. ಹೋದರೆ ಎರಡು ದೇಶದ ಬ್ಯಾಂಕೂ ಒಟ್ಟಿಗೇ ತೆರೆದುಕೊಳ್ಳುತ್ತದೆ. ಮೇಲಾಗಿ ನಿನ್ನ ಹೆಸರಿನ ಸಿಮ್‌ಗೆ ಬದಲಿ ತೆಗೆಯಲು ನೀನೇ ಗುರುತಿನ ಚೀಟಿ ಹಿಡಿದು ಅಂಗಡಿಗೆ ಹೋಗಬೇಕು, ಶಾಂತಳ್ಳಿಯಲ್ಲಿರುವ ನಿನ್ನಮ್ಮ ಹೋದರೆ ಆಗುವುದಿಲ್ಲ. ಮನೆಯಲ್ಲಿ ಹಳೇ ಫೋನ್ ಇದ್ದೇ ಇರುತ್ತದೆ. ಗಾಜು ಒಡೆದಿದ್ದರೂ ಪರವಾಗಿಲ್ಲ, ಊರಿನ ಸಿಮ್ ಅದಕ್ಕೆ ಹಾಕಿ ರೂಮಿನ ಡ್ರಾಯರಿನಲ್ಲಿ ಇಡು. ಕೈಯಲ್ಲಿ ಓಡಾಡುವ ಫೋನಿಗೆ ಅಲ್ಲಿನ ನಂಬರ್ ಒಂದೇ, ಸಾಧ್ಯವಾದರೆ ಇ-ಸಿಮ್, ಅದು ಫೋನಿನೊಳಗೇ ಇರುತ್ತದೆ, ಕಿತ್ತು ತೆಗೆಯಲಾಗದು. ತೆಗೆದು ಹಾಕುವ ಮಾಮೂಲಿ ಸಿಮ್ ಆದರೆ ಕಳ್ಳ ಅದನ್ನು ಕಿತ್ತು ತನ್ನ ಫೋನಿಗೆ ಹಾಕಿ ನಿನ್ನ ಓಟಿಪಿ ತರಿಸಿಕೊಳ್ಳುತ್ತಾನೆ. ಸಿಮ್ ಪಿನ್ ಹಾಕಿದರೆ ಅದು ನಿಲ್ಲುತ್ತದೆ.

ವೀಸಾ ಕೂಡ ಈಗ ಫೋನಿನ ಸಂಗತಿಯೇ. ನಮ್ಮ ಕಾಲದಲ್ಲಿ ಅಲ್ಲಿ ವಾಸಿಸುವ ಅನುಮತಿಗೆ ಬಿಆರ್‌ಪಿ ಅಂತ ಕಾರ್ಡ್ ಇತ್ತು, 2024ರ ಕೊನೆಗೆ ಅದರ ಕಾಲ ಮುಗಿಯಿತು. ಈಗ ಇ-ವೀಸಾ, ಅಂದರೆ ಸರ್ಕಾರದ ಸೈಟಿನಲ್ಲಿ ನಿನ್ನ ಹೆಸರಿನ ಒಂದು ಅಕೌಂಟು. ಮನೆ ಬಾಡಿಗೆಗೆ, ಕೆಲಸಕ್ಕೆ ಎಲ್ಲದಕ್ಕೂ ಆ ಅಕೌಂಟಿಗೆ ಲಾಗಿನ್ ಆಗಿ ‘ಶೇರ್ ಕೋಡ್’ ತೆಗೆದು ಕೊಡಬೇಕು, ಮತ್ತು ಲಾಗಿನ್ ಕೋಡ್ ಬರುವುದು ನಿನ್ನ ಫೋನಿಗೆ ಅಥವಾ ಇಮೇಲ್‌ಗೆ. ನಂಬರ್ ಬದಲಾದಾಗ ಅಲ್ಲಿಯೂ ಬದಲಾಯಿಸು. ಊರಿನ ನಂಬರ್ ಕೊಟ್ಟು ಮರೆತು ಕೂತವರನ್ನು ನೋಡಿದ್ದೇನೆ.

ಹೋಗಿಯೇಬಿಟ್ಟರೆ? ಸೈಕಲ್ ಹಿಂದೆ ಓಡಬೇಡ. ಹತ್ತಿರದವರ ಫೋನ್ ಕೇಳು, ಮೊದಲು ಫೋನ್ ಲಾಕ್ ಮಾಡು. ಆಮೇಲೆ 159, ಅಲ್ಲಿನ ಹೆಚ್ಚಿನ ಬ್ಯಾಂಕುಗಳಿಗೆ ಆ ಒಂದೇ ನಂಬರ್, ನಿನ್ನ ಬ್ಯಾಂಕಿನ ಹೆಸರು ಹೇಳಿದರೆ ಅಲ್ಲಿಗೆ ಹಾಕುತ್ತಾರೆ. ಆಮೇಲೆ ಸಿಮ್ ಕಂಪನಿ. ಪೊಲೀಸರಿಗೆ, ಆಗತಾನೇ ನಡೆದಿದ್ದರೆ 999, ತಡವಾದರೆ 101. ಅವರು ಕೊಡುವ ಕ್ರೈಮ್ ನಂಬರ್ ಬರೆದುಕೋ, ಇನ್ಶೂರೆನ್ಸಿಗೆ ಬೇಕು. ಐಎಂಇಐ, ಅಂದರೆ ಫೋನಿನದೇ ಗುರುತಿನ ಸಂಖ್ಯೆ, ಕೇಳುತ್ತಾರೆ, *#06# ಒತ್ತಿದರೆ ಬರುತ್ತದೆ, ಈಗಲೇ ಒತ್ತಿ ಕಾಗದದಲ್ಲಿ ಬರೆದಿಡು. ಸಿಮ್ ಬ್ಲಾಕ್ ಆದ ಮಾತ್ರಕ್ಕೆ ವಾಟ್ಸಾಪ್ ನಿಲ್ಲುವುದಿಲ್ಲ, ವೈಫೈನಲ್ಲಿ ಓಡುತ್ತಲೇ ಇರುತ್ತದೆ. ಹೊಸ ಸಿಮ್ ತಂದು ನಿನ್ನ ನಂಬರಿನಲ್ಲಿ ಮತ್ತೆ ರಿಜಿಸ್ಟರ್ ಮಾಡಿದರೆ ಅಲ್ಲಿ ಮುಚ್ಚಿಕೊಳ್ಳುತ್ತದೆ.

ಒಂದು ಕೊನೆಯ ಮೋಸ ಹೇಳಿಬಿಡುತ್ತೇನೆ. ಮೂರು ವಾರ ಕಳೆದು ನನ್ನ ಫೋನ್ ಮ್ಯಾಪಿನಲ್ಲಿ ಚೀನಾದ ಶೆನ್‌ಜೆನ್‌ನಲ್ಲಿ ಕಾಣಿಸಿತು. ಮರುದಿನವೇ ಮೆಸೇಜ್: ‘ನಿಮ್ಮ ಫೋನ್ ಸಿಕ್ಕಿದೆ, ಇಲ್ಲಿ ಲಾಗಿನ್ ಆಗಿ.’ ಆಮೇಲೆ ಬೆದರಿಕೆ, ಫೋಟೋಗಳನ್ನು ಹರಡುತ್ತೇವೆ ಅಂತ. ಎಲ್ಲವೂ ಒಂದೇ ಉದ್ದೇಶಕ್ಕೆ: ನೀನು ಆ ಫೋನನ್ನು ನಿನ್ನ ಅಕೌಂಟಿನಿಂದ ತೆಗೆದುಹಾಕಬೇಕು. ತೆಗೆಯುವವರೆಗೆ ಅವರಿಗೆ ಅದು ಬರೀ ಗಾಜು, ತಗಡು. ನನ್ನದು ಇನ್ನೂ ನನ್ನ ಲಿಸ್ಟಿನಲ್ಲೇ ಇದೆ. ಇರಲಿ ಬಿಡು.

ಕರೆಂಟ್ ಮಿಣುಕುತ್ತಿದೆ. ನಾನು ತಿಂಗಳ ಕೊನೆಗೆ ವಾಪಸ್, ನೀನು ಬಂದ ವಾರಾಂತ್ಯ ನಮ್ಮನೆಗೆ ಊಟಕ್ಕೆ ಬಾ. ಅರ್ಧ ಕೇಜಿ ಕಾಫಿ ಪುಡಿ ತಾ, ಚಿಕೋರಿ ಬೇಡ. ಅಡ್ರೆಸ್ ಕಳಿಸುತ್ತೇನೆ, ಅದಕ್ಕೆ ಮೊದಲು ಒಂದು ಕೆಲಸ ಮಾಡು ಮಾರಾಯ್ತಿ: ಫೋನ್ ಮಗುಚಿ ಇಟ್ಟು, ನಿನ್ನಮ್ಮನ ನಂಬರನ್ನು ಒಂದು ಕಾಗದದಲ್ಲಿ ಬರೆ. ಹತ್ತೂ ಅಂಕಿ ಸರಿ ಬಂತಾ ಅಂತ ಆಮೇಲೆ ನನಗೆ ಹೇಳು.