ಹಲವು ಎನ್‌ಜಿಒಗಳು ಸೇರಿ ಮಾಡಿದ ಕೆಲಸದ ಪರಿಣಾಮವನ್ನು ಒಟ್ಟಾಗಿ ಅಳೆಯುವುದು ಹೇಗೆ?

ಮೊದಲು ಎಲ್ಲರ ಕೈಯಲ್ಲೂ ಒಂದೇ ಅಳತೆಗೋಲು ಇರಬೇಕು. ಒಬ್ಬರು ಹಂಚಿದ ಪುಸ್ತಕ ಎಣಿಸಿ, ಇನ್ನೊಬ್ಬರು ನಡೆಸಿದ ತರಬೇತಿ ಎಣಿಸಿದರೆ ಕೂಡಿಸುವುದಾದರೂ ಏನನ್ನು?

ಶಿಕ್ಷಣ ಕ್ಷೇತ್ರದ ಎನ್‌ಜಿಒ ಪ್ರಥಮ್ 2005ರಲ್ಲಿ ಶುರು ಮಾಡಿದ, ಹಳ್ಳಿ ಮಕ್ಕಳ ಕಲಿಕೆ ಅಳೆಯುವ 'ಅಸರ್' ಸಮೀಕ್ಷೆ ನೋಡಿ. (ಹಿಂದಿಯಲ್ಲಿ ಅಸರ್ ಅಂದರೆ ಪರಿಣಾಮ ಅಂತಲೇ ಅರ್ಥ.) ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಂಸ್ಥೆಯೋ ಕಾಲೇಜೋ ಇದನ್ನು ನಡೆಸುತ್ತದೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಮನೆಯಲ್ಲೇ ಮಗುವಿನ ಮುಂದೆ ಒಂದು ಹಾಳೆ ಹಿಡಿಯುತ್ತಾರೆ: ಅಕ್ಷರ, ಪದ, ಸುಲಭದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಎಲ್ಲಿವರೆಗೆ ಓದಿತೋ ಅದೇ ಅದರ ಮಟ್ಟ. ಭಾಷೆ ಬೇರೆಯಾದರೂ ಮಟ್ಟ ಒಂದೇ. ಹಾಗಾಗಿ ರಾಯಚೂರಿನ ಲೆಕ್ಕವನ್ನು ಬಿಹಾರದ ಜಿಲ್ಲೆಯೊಂದರ ಪಕ್ಕ ಇಡಬಹುದು. 2024ರಲ್ಲಿ 605 ಗ್ರಾಮೀಣ ಜಿಲ್ಲೆಗಳಲ್ಲಿ ಹೀಗೇ ನಡೆಯಿತು.

ಆದರೆ ಅಸರ್ ಹೇಳುವುದು ಮಕ್ಕಳ ಸ್ಥಿತಿಯನ್ನು. ಯಾವ ಸಂಸ್ಥೆಯಿಂದ ಎಷ್ಟಾಯಿತು ಅಂತಲ್ಲ. ನಿಮ್ಮ ವರದಿಯಲ್ಲೂ ಬದಲಾವಣೆಯೆಲ್ಲ ನಮ್ಮಿಂದಲೇ ಅನ್ನಬೇಡಿ. ಸರ್ಕಾರಿ ಶಾಲೆ, ಅಂಗನವಾಡಿಗಳ ಪಾಲೂ ಇರುತ್ತದೆ, ಅಲ್ವಾ?

ಜಾಸ್ತಿ ಎಡವುವುದು ಎಣಿಕೆಯಲ್ಲಿ. ಒಂದೇ ಮಗು ಮೂರು ಸಂಸ್ಥೆಗಳಿಗೆ ಹೋದರೆ ವರದಿಯಲ್ಲಿ ಮೂವರು 'ಫಲಾನುಭವಿಗಳು' ಸುಮ್ನೆ ಹುಟ್ಟಿಬಿಡುತ್ತಾರೆ! ಎಲ್ಲ ಸಂಸ್ಥೆಗಳಿಗೂ ಸೇರಿ ಊರುವಾರು ಒಂದೇ ಪಟ್ಟಿ ಇಡಿ. ವರದಿಯನ್ನು ದುಡ್ಡು ಕೊಟ್ಟವರಿಗಿಂತ ಮೊದಲು ಆ ಊರಲ್ಲೇ ಓದಿ ಹೇಳಿ. ತಪ್ಪಿದ್ದರೆ ಊರವರೇ ಹಿಡಿಯುತ್ತಾರೆ.